ಕಾಮೆಂಟು ಕಾಯುವ ಕೆಲಸ

ರಾಕೆಟ್ ಹಾರಿದ ದಿನ ಬೆಳಗ್ಗೆ ನಮ್ಮ ಸಂಪಾದಕರು ಪೇಜಿನಲ್ಲಿ ಒಂದು ಪ್ರಶ್ನೆ ಹಾಕಿದರು: ‘ರಾಕೆಟ್ಟು ಬೇಕೋ, ರಾಟೆ ಬೇಕೋ?’ ಕೆಳಗೆ ಎರಡು ಚಿತ್ರ. ಒಂದರಲ್ಲಿ ಬೆಂಕಿ ಉಗುಳುತ್ತ ಮೇಲೇರುವ ರಾಕೆಟ್, ಇನ್ನೊಂದರಲ್ಲಿ ಮೊಳಕಾಲ್ಮುರಿನ ಮನೆಯೊಂದರಲ್ಲಿ ರೇಷ್ಮೆ ನೂಲು ಸುತ್ತುವ ಹಳೆಯ ರಾಟೆ. ‘ಸರ್ಕಾರದ ದುಡ್ಡು ಎಲ್ಲಿಗೆ ಹೋಗಬೇಕು, ನೀವೇ ಹೇಳಿ’ ಎಂದು ಒಂದು ಸಾಲು.

ಚಳ್ಳಕೆರೆಯಿಂದ ನಡೆಯುವ ಆ ಸುದ್ದಿ ಪೇಜಿಗೆ ಬರುವ ಕಾಮೆಂಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದೆಂಥ ಕೆಲಸ ಎಂದು ಅವ್ವ ಈಗಲೂ ಕೇಳುತ್ತಾಳೆ. ಬೈಗುಳ ತೆಗೆಯಬೇಕು. ಸುಳ್ಳು ಸುದ್ದಿ ಹಾಕಿದವರಿಗೆ ಇದು ಸುಳ್ಳು ಎಂದು ಹೇಳಬೇಕು. ಯಾರದೋ ಸಿಟ್ಟಿಗೆ ಇನ್ಯಾರದೋ ಫೋನ್ ನಂಬರ್ ಬಂದಿದ್ದರೆ ಅಳಿಸಬೇಕು. ಮಿಕ್ಕ ಹೊತ್ತಿನಲ್ಲಿ ಶೇಂಗಾ ಮಾರುಕಟ್ಟೆಯ ರೇಟು ಹಾಕುತ್ತೇನೆ. ನಮ್ಮ ಕೋಣೆ ಇರುವುದು ಎಣ್ಣೆ ಗಿರಣಿಗಳ ಸಾಲಿನ ಹಿಂದೆ. ಕಿಟಕಿ ತೆರೆದರೆ ಹಿಂಡಿಯ ವಾಸನೆ, ಮುಚ್ಚಿದರೆ ಸೆಕೆ.

ಮಧ್ಯಾಹ್ನದ ಹೊತ್ತಿಗೆ ಎರಡು ಪಕ್ಷಗಳಾಗಿದ್ದವು. ರಾಕೆಟ್ ಪಕ್ಷದ ಮುಂದಾಳು ಊರಿನ ಒಬ್ಬ ಗಿರಣಿ ಮಾಲೀಕರು. ಬಿಎಸ್ಸಿ ಓದಿದವರು. ಗ್ರಹಣ ಬಂದರೆ ಗಿರಣಿಯ ಅಂಗಳದಲ್ಲಿ ಸ್ವಂತ ದೂರದರ್ಶಕ ಇಟ್ಟು ಓಣಿಯವರಿಗೆಲ್ಲ ತೋರಿಸುವವರು. ಉಪಗ್ರಹ ಇಲ್ಲದಿದ್ದರೆ ಮಳೆ ಮುನ್ಸೂಚನೆ ಇಲ್ಲ, ಮುನ್ಸೂಚನೆ ಇಲ್ಲದಿದ್ದರೆ ಶೇಂಗಾ ಬಿತ್ತನೆ ಜೂಜಾಟ ಎಂದು ಅವರು ಉದ್ದಕ್ಕೆ ಬರೆದಿದ್ದರು. ಒಳ್ಳೆಯ ಮಾತೇ. ಅದರ ಕೆಳಗೆ ಮೊಳಕಾಲ್ಮುರಿನ ನೇಕಾರ ಹೆಣ್ಣುಮಗಳೊಬ್ಬಳು ಬರೆದಿದ್ದಳು: ‘ರಾಕೆಟ್ ಹೋಗ್ಲಿ ಸಂತೋಷ. ಮಳೆ ಬಂದ್ರೆ ನಮ್ಮ ಮಗ್ಗದ ಗುಂಡೀಲಿ ನೀರು ಒಸರ್ತೈತೆ. ಅದಕ್ಕೆ ಏನಾದ್ರೂ ಟೆಕ್ನಾಲಜಿ ಐತಾ ಚೂಡಂಡಿ.’

ಆಕೆಯ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಬರೆಯುವಾಗ ಎರಡೂ ಬೆರೆತು ಬಂದಿದ್ದವು. ಜನ ಹಿಡಿದದ್ದು ‘ನೋಡಿ’ ಎನ್ನುವ ಆ ಕೊನೆಯ ತೆಲುಗು ಪದವನ್ನು. ‘ಆಂಧ್ರಕ್ಕೆ ಹೋಗಿ ಕೇಳು’ ಎಂದ ಒಬ್ಬ. ‘ಗುಂಡಿ ನೀರು ಎತ್ತೋಕೆ ವಿಜ್ಞಾನಿಗಳು ಬಕೆಟ್ ತರಬೇಕಂತೆ’ ಎಂದ ಮತ್ತೊಬ್ಬ. ಅದಕ್ಕೆ ನಗುವ ಮುಖಗಳು ಸಾಲುಗಟ್ಟಿದವು. ಇತ್ತ ಆಕೆಯ ಪಕ್ಷ ಹಿಡಿದವರು ಗಿರಣಿ ಮಾಲೀಕರಿಗೆ ಗಂಟುಬಿದ್ದರು. ಊರಾಚೆ ದನ, ಕುರಿ ಮೇಯುವ ಕಾವಲಿನಲ್ಲಿ ಎದ್ದ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳ ಪಕ್ಕ ಇವರದು ಜಮೀನಿದೆ, ಅದಕ್ಕೇ ಈ ವಿಜ್ಞಾನಪ್ರೇಮ ಎಂದು ಬರೆದರು. ನಿಜಕ್ಕೂ ಮಾಲೀಕರಿಗೆ ಆ ಕಡೆ ಒಂದು ಗುಂಟೆಯೂ ಇಲ್ಲ. ಸಿಟ್ಟಿಗೆದ್ದ ಅವರು ‘ಓದು ಬರಹ ಇಲ್ಲದವರ ಜೊತೆ ಎಂಥ ವಾದ’ ಎಂದು ಹಾಕಿ ಬೆಂಕಿಗೆ ತಾವೂ ಎಣ್ಣೆ ಹೊಯ್ದರು.

ನಾನು ಅಳಿಸುತ್ತ ಹೋದೆ. ಒಂದು ಅಳಿಸುವಷ್ಟರಲ್ಲಿ ನಾಲ್ಕು ಹುಟ್ಟುತ್ತಿದ್ದವು. ಕೊನೆಗೆ ಪೇಜಿನಲ್ಲಿರುವ ಒಂದು ಸೌಲಭ್ಯ ಬಳಸಿದೆ: ಕೆಲವು ಪದಗಳನ್ನು ಗುರುತು ಮಾಡಿಟ್ಟರೆ ಆ ಪದವಿರುವ ಕಾಮೆಂಟು ತಾನಾಗಿಯೇ ಮರೆಯಾಗುತ್ತದೆ. ಕತ್ತೆ, ನಾಯಿ ಎಲ್ಲ ಸೇರಿಸಿದೆ. ಎರಡೂ ಪಕ್ಷದವರು ಒಬ್ಬರನ್ನೊಬ್ಬರು ‘ಕುರಿಗಳು’ ಎಂದು ಕರೆಯುತ್ತಿದ್ದರಿಂದ ಕುರಿಯನ್ನೂ ಸೇರಿಸಿದೆ. ಪೇಜು ತಣ್ಣಗಾಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಚಹಾ ತರಿಸಿಕೊಂಡೆ.

ಮಾರನೆಯ ದಿನ ಕಚೇರಿಗೆ ಫೋನ್ ಬಂತು. ಕಾವಲಿನ ಅಂಚಿನ ಹಳ್ಳಿ ದೊಡ್ಡಉಳ್ಳಾರ್ತಿಯ ಒಬ್ಬ ಹಿರಿಯರು.

“ತಾಯಿ, ನಾನು ಏನು ಹಾಕಿದ್ರೂ ನಿಮ್ಮ ಪೇಜು ನುಂಗ್ತೈತಲ್ಲ. ಬೈದಿಲ್ಲ, ಬಿಟ್ಟಿಲ್ಲ. ಏನು ತಪ್ಪು ಮಾಡಿದೀನಿ?”

“ನೀವು ಬರೆದಿದ್ದೇನು ಯಜಮಾನ್ರೇ?”

“ಬರಿಯಾಕೆ ಬರಲ್ಲವ್ವ, ಫೋನಿಗೆ ಹೇಳ್ತೀನಿ, ಅದು ಬರ್ಕೊಂತೈತೆ. ಕಾವಲಿನಾಗೆ ಕಾಂಪೌಂಡು ಬಂದಮೇಲೆ ಕುರಿ ನೀರಿಗೆ ಹೊಡ್ಕೊಂಡು ಹೋಗೋಕೆ ಸುತ್ತು ಆಗೈತೆ, ನಮ್ಮ ಕುರಿಗೆ ಒಂದು ದಾರಿ ಬಿಡ್ರಿ ಅಂದೆ. ಅಷ್ಟೇಯ.”

ಮರೆಯಾದ ಕಾಮೆಂಟುಗಳ ಜಾಗ ತೆರೆದು ನೋಡಿದೆ. ಅವರದೇ ಮಾತು, ಬೇರೆ ಬೇರೆ ರೀತಿಯಲ್ಲಿ, ಮತ್ತೆ ಮತ್ತೆ. ಪ್ರತಿಯೊಂದರಲ್ಲೂ ಕುರಿ. ಇನ್ನೂ ಕೆಲವು ಹಳ್ಳಿಗಳವರ ಮಾತೂ ಅಲ್ಲೇ ಬಿದ್ದಿತ್ತು. ಕಾವಲಿನ ಬಗ್ಗೆ ಮಾತಾಡುವ ಸೀಮೆಯಲ್ಲಿ ಕುರಿ ಎಂಬ ಪದವನ್ನೇ ನಿಷೇಧಿಸಿ ನಾನು ಚಹಾ ಕುಡಿದಿದ್ದೆ.

ಪದ ತೆಗೆದೆ. ಬೈಗುಳಗಳೂ ವಾಪಸು ಬಂದವು. ಯಂತ್ರಕ್ಕೆ ಬಿಟ್ಟರೆ ಇದು ಆಗುವ ಕೆಲಸವಲ್ಲ, ಒಂದೊಂದನ್ನೂ ಓದಿಯೇ ತೀರಬೇಕು ಎಂದು ಗೊತ್ತಾಯಿತು.

ಅಷ್ಟರಲ್ಲಿ ಸಂಪಾದಕರು ಇನ್ನೊಂದು ಕೆಲಸ ಮಾಡಿದ್ದರು. ನೇಕಾರ ಹೆಣ್ಣುಮಗಳ ಕಾಮೆಂಟನ್ನೂ ಅವಳ ಪ್ರೊಫೈಲ್ ಫೋಟೊವನ್ನೂ ರಾಕೆಟ್ಟಿನ ಚಿತ್ರವನ್ನೂ ಸೇರಿಸಿ, ಹಿಂದೆ ನಗುವಿನ ಸದ್ದು ಹಾಕಿ ಚಿಕ್ಕ ವಿಡಿಯೊ ಬಿಟ್ಟಿದ್ದರು. ಅದು ನಮ್ಮ ಪೇಜಿನಲ್ಲಿ ಯಾವತ್ತೂ ಓಡದಷ್ಟು ಓಡುತ್ತಿತ್ತು. ನಾನು ನೋಡುವಾಗ ಅವಳ ಮೂಲ ಕಾಮೆಂಟು ಅಲ್ಲಿರಲಿಲ್ಲ. ತಾನೇ ಅಳಿಸಿಕೊಂಡು ಪೇಜಿನಿಂದ ಹೊರಟುಹೋಗಿದ್ದಳು.

ಪರಿಚಯದವರೊಬ್ಬರಿಂದ ವಿಳಾಸ ಕೇಳಿಕೊಂಡು ಮರುದಿನ ಮೊಳಕಾಲ್ಮುರಿನ ಬಸ್ ಹತ್ತಿದೆ. ಹೋಗಿ ಏನು ಹೇಳಬೇಕೆಂದು ದಾರಿಯಲ್ಲಿ ತಳಕು ಊರು ದಾಟಿದರೂ ಹೊಳೆದಿರಲಿಲ್ಲ.

ನೇಕಾರರ ಬೀದಿಯಲ್ಲಿ ಮನೆಮನೆಯಿಂದ ಮಗ್ಗದ ಸದ್ದು. ಬಾಗಿಲಲ್ಲಿ ನಿಂತು ನಾನು ಯಾರೆಂದು ಹೇಳಿದೆ. ಆಕೆ ಮಗ್ಗಕ್ಕೆ ಕೂತಿದ್ದಳು. ಏಳಲಿಲ್ಲ.

“ರಾಂಡಿ, ಬರ್ರಿ ಅಕ್ಕಾ. ಚಪ್ಪಲಿ ಅಲ್ಲೇ ಬಿಡ್ರಿ, ಒಳಗೆ ನೂಲೈತೆ,” ಎಂದಳು. ಆಮೇಲೆ ಲಾಳಿ ತಳ್ಳುತ್ತಲೇ, “ಇನ್ನೂ ಒಂದು ಫೋಟೊ ಬೇಕಿತ್ತೇನು?”

“ಇಲ್ಲಮ್ಮ. ಆ ವಿಡಿಯೊ ಮಾಡಿದ್ದು ನಾನಲ್ಲ. ಆದ್ರೆ ಪೇಜು ನಮ್ಮದು. ತಪ್ಪಾಯ್ತು ಅಂತ ಹೇಳೋಕೆ ಬಂದೆ.”

ಪಕ್ಕದಲ್ಲಿ ರಾಟೆ ತಿರುಗಿಸುತ್ತಿದ್ದ ಅವಳ ಅತ್ತೆ ತೆಲುಗಿನಲ್ಲಿ ಏನೋ ಅಂದರು. ಸೊಸೆ ನಕ್ಕಳು. “ಬಿಸಿಲಾಗೆ ಬಂದವ್ರೆ, ಮೊದ್ಲು ನೀರು ಕೊಡು ಅಂತಾರೆ,” ಎನ್ನುತ್ತ ಎದ್ದಳು.

ನೀರು ಕೊಟ್ಟ ಮೇಲೆ ಗುಂಡಿ ತೋರಿಸಿದಳು. ನೆಲದ ಮಟ್ಟದಲ್ಲಿ ಕೂತು ನೇಯುವವರು ಕಾಲು ಇಳಿಬಿಟ್ಟು ಮಗ್ಗ ತುಳಿಯುವ ಜಾಗ ಅದು. ಗುಂಡಿಯ ಒಳಗೋಡೆಯ ಮೇಲೆ ಮೊಣಕಾಲಷ್ಟು ಎತ್ತರಕ್ಕೆ ಕಪ್ಪು ತೇವ. ಕೆಳಗೆ ಗೋಣಿಚೀಲ ಹಾಸಿದ್ದರು, ಅದೂ ನೆಂದಿತ್ತು.

“ಹಿಂಗೇ ಕೂತ್ರೆ ಮೊಣಕಾಲು ಹಿಡ್ಕೊಳ್ತಾವೆ. ಹಾಸು ನೂಲು ಥಂಡಿ ಕುಡಿದು ಸಡ್ಲ ಆಗ್ತೈತೆ, ಸೀರೆ ಒಂದೇ ಸಮ ಬರಲ್ಲ,” ಎಂದಳು. “ಅಕ್ಕಾ, ನಾನು ರಾಕೆಟ್ ಬ್ಯಾಡ ಅಂದ್ನಾ? ಅವತ್ತು ಮಗ್ಗ ನಿಲ್ಸಿ ಎಲ್ರೂ ನೋಡಿದ್ವಿ. ನಮ್ಮತ್ತೆ ಟೀವಿಗೆ ಕೈ ಮುಗಿದ್ರು. ಅಷ್ಟು ದೊಡ್ಡದು ಮಾಡೋರಿಗೆ ಇದು ಗೊತ್ತಿರ್ತೈತೇನೋ ಅಂತ ಕೇಳಿದೆ. ಕೇಳಿದ್ದಕ್ಕೆ ಒಬ್ರೂ ಉತ್ತರ ಕೊಡ್ಲಿಲ್ಲ. ಎಲ್ರೂ ನನ್ನ ಬಗ್ಗೇನೇ ಮಾತಾಡಿದ್ರು.”

ಅವರಿಗೆ ಕೈ ಮುಗಿದು ಹೊರಟೆ. ಬಸ್ ನಿಲ್ದಾಣದಲ್ಲಿ ನಿಂತು ಫೋನ್ ತೆಗೆದು ಆ ವಿಡಿಯೊ ಅಳಿಸಿದೆ. ಅಳಿಸುವ ಅಧಿಕಾರ ನನಗಿತ್ತು, ಕೇಳದೆ ಅಳಿಸುವ ಅಧಿಕಾರ ಇತ್ತೋ ಇಲ್ಲವೋ ಗೊತ್ತಿರಲಿಲ್ಲ. ಮುಂದಿನ ಬಸ್ ಬರುವಷ್ಟರಲ್ಲಿ ‘ರಾಕೆಟ್ಟು ಬೇಕೋ, ರಾಟೆ ಬೇಕೋ’ ಪೋಸ್ಟಿಗೂ ಇನ್ನು ಯಾರೂ ಕಾಮೆಂಟು ಹಾಕದಂತೆ ಬೀಗ ಹಾಕಿದೆ. ಮನಸ್ಸು ಹಗುರಾಗಿತ್ತು.

ಕಚೇರಿ ಮೆಟ್ಟಿಲು ಹತ್ತುವಾಗಲೇ ಸಂಪಾದಕರ ದನಿ ಕೇಳಿಸಿತು.

“ಓಡ್ತಾ ಇರೋ ವಿಡಿಯೊ ತೆಗೆದು ಕೂತಿದೀಯಲ್ಲ, ನಿಂಗೆ ತಲೆ ನೆಟ್ಟಗೈತಾ?”

“ಸಾರ್, ಆ ಹೆಣ್ಣುಮಗಳು ಒಂದು ಪ್ರಶ್ನೆ ಕೇಳಿದ್ಳು. ನಾವು ಅವಳ್ನೇ ಊರಿನ ಮುಂದೆ ನಿಲ್ಸಿ ನಗೆಪಾಟಲು ಮಾಡಿದ್ವಿ.”

“ಜಗಳ ಇದ್ರೇನೇ ಜನ ಇರ್ತಾರಮ್ಮ. ಜನ ಇದ್ರೇನೇ ಜಾಹೀರಾತು. ಈ ಕೋಣೆ ಬಾಡಿಗೆ ಯಾರು ಕಟ್ತಾರೆ, ನೀನಾ?”

ಅವರು ಕೆಟ್ಟವರಲ್ಲ. ಒಂಟಿಯಾಗಿ ಪೇಜು ಕಟ್ಟಿದವರು, ಅದು ಮುಳುಗುವ ಭಯ ಯಾವಾಗಲೂ ಇರುತ್ತಿತ್ತು. ನಾನು ವಾದಕ್ಕೆ ನಿಲ್ಲಲಿಲ್ಲ. “ಇದೇ ವಿಷಯಕ್ಕೆ ಇನ್ನೊಂದು ಪೋಸ್ಟು ಹಾಕ್ತೀನಿ. ನಿಯಮ ನಂದು. ಒಂದು ವಾರ ನೋಡಿ,” ಎಂದೆ.

“ಆಯ್ತು, ಮಾಡು. ಜನ ಬರ್ಲಿಲ್ಲ ಅಂದ್ರೆ ಆಮೇಲೆ ನೀನು ಶೇಂಗಾ ರೇಟು ಮಾತ್ರ ಹಾಕ್ಕೊಂಡಿರ್ಬೇಕು. ಕಾಮೆಂಟಿನ ತಂಟೆಗೆ ಬರೋ ಹಂಗಿಲ್ಲ.”

ನಿಯಮವನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದೆ. ಕೊನೆಗೆ ಉಳಿದದ್ದು ಇಷ್ಟು: ‘ನೀವು ಯಾರ ಮಾತನ್ನು ಒಪ್ಪುವುದಿಲ್ಲವೋ, ಅವರು ಹೇಳಿದ್ದೇನೆಂದು ಮೊದಲು ನಿಮ್ಮ ಮಾತಿನಲ್ಲಿ ಬರೆಯಿರಿ. ಹೌದು, ನಾನು ಹೇಳಿದ್ದು ಇದನ್ನೇ ಎಂದು ಅವರು ಒಪ್ಪಿದ ಮೇಲೆ ನಿಮ್ಮ ಉತ್ತರ ಪ್ರಕಟವಾಗುತ್ತದೆ. ಕನ್ನಡ, ತೆಲುಗು, ಉರ್ದು ಯಾವುದಾದರೂ ಸರಿ. ಬರೆಯಲು ಬಾರದವರು ದನಿ ಕಳಿಸಿ, ನಾವು ಬರೆದು ಹಾಕುತ್ತೇವೆ.’ ಪ್ರತಿ ಕಾಮೆಂಟೂ ನನ್ನ ಕಣ್ಣು ದಾಟಿಯೇ ಹೊರಗೆ ಬರುವಂತೆ ಮಾಡಿದೆ. ನೇಕಾರ ಹೆಣ್ಣುಮಗಳಿಗೆ ಫೋನ್ ಮಾಡಿ, ನಿನ್ನ ಪ್ರಶ್ನೆಯನ್ನು ಹೆಸರು ಹಾಕದೆ ಮೇಲೆ ಇಡಲೇ ಎಂದು ಕೇಳಿದೆ. “ಹೆಸ್ರು ಹಾಕ್ರಿ, ಕದ್ದು ಕೇಳಿದ್ದಲ್ಲ. ಫೋಟೊ ಮಾತ್ರ ಬ್ಯಾಡ,” ಎಂದಳು.

ಪೋಸ್ಟು ಹಾಕಿದೆ. ಯಾರೂ ಬರಲಿಲ್ಲ.

ಒಬ್ಬ ಬಂದು ‘ಇದೇನು ಎಸ್ಸೆಸ್ಸೆಲ್ಸಿ ಪರೀಕ್ಷೆನಾ ಮೇಡಂ’ ಎಂದು ಕೇಳಿ ಹೋದ. ಹಳೆಯ ಜಗಳಗಂಟರು ಬರೆದದ್ದನ್ನು ನಾನು ತಡೆದು, ನಿಯಮ ಓದಿ ಎಂದು ವಾಪಸು ಕಳಿಸಿದರೆ ಬೇರೆ ಪೇಜಿಗೆ ಹೋದರು. ಮರುದಿನವೂ ಅದೇ ಸ್ಥಿತಿ.

ಮೂರನೆಯ ದಿನ ಗಿರಣಿ ಮಾಲೀಕರ ಫೋನ್ ಬಂತು.

“ಏನಮ್ಮಾ, ನನ್ನ ಕಾಮೆಂಟು ಯಾಕೆ ತಡೆದೆ? ನಾನೇನು ಬೈದಿದೀನಾ?”

“ಬೈದಿಲ್ಲ ಸಾರ್. ‘ರಾಕೆಟ್ ದಂಡ ಅಂತ ನೇಕಾರರು ಹೇಳುತ್ತಾರೆ’ ಅಂತ ಬರೆದಿದೀರಿ. ಅವರಿಗೆ ಓದಿ ಹೇಳಿದೆ. ನಾನು ಹಂಗೆ ಹೇಳೇ ಇಲ್ಲ ಅಂದ್ರು.”

“ಮತ್ತೇನು ಹೇಳಿದ್ದು ಆಕೆ?”

“ಪ್ರಶ್ನೆ ಮೇಲೇ ಐತಲ್ಲ ಸಾರ್.”

ಎರಡನೆಯ ಬಾರಿ ‘ರಾಕೆಟ್ಟಿಗಿಂತ ಮಗ್ಗ ಮುಖ್ಯ ಎನ್ನುತ್ತಾರೆ’ ಎಂದು ಬರೆದರು. ಅದಕ್ಕೂ ಆಕೆ ಒಪ್ಪಲಿಲ್ಲ. ಸಂಜೆ ಮತ್ತೆ ಫೋನ್. ಈ ಸಲ ದನಿ ಇಳಿದಿತ್ತು. “ಪೂರ್ತಿ ಓದಿದೆ ಕಣಮ್ಮ. ಆಕೆ ರಾಕೆಟ್ಟಿನ ವಿರುದ್ಧ ಮಾತೇ ಎತ್ತಿಲ್ಲ. ಸಂತೋಷ ಅಂತ ಬೇರೆ ಹಾಕೈತೆ ಹುಡುಗಿ. ಇಷ್ಟು ದಿನ ನಾನು ಯಾರ ಜೊತೆ ಗುದ್ದಾಡ್ತಿದ್ದೆ?”

ಅವರ ಮೂರನೆಯ ಕಾಮೆಂಟು ಹೀಗಿತ್ತು: ‘ಮಳೆಗಾಲದಲ್ಲಿ ಇವರ ಮಗ್ಗದ ಗುಂಡಿಯಲ್ಲಿ ನೀರು ಒಸರುತ್ತದೆ. ಅದನ್ನು ತಡೆಯುವ ಉಪಾಯ ತಿಳಿದವರು ಹೇಳಿ ಎಂದು ಕೇಳಿದ್ದಾರೆ. ಓದು ಬರಹದ ಬಗ್ಗೆ ನಾನು ಆಡಿದ ಮಾತು ವಾಪಸು ತೆಗೆದುಕೊಂಡಿದ್ದೇನೆ. ಉಪಾಯ ನನಗೂ ಗೊತ್ತಿಲ್ಲ.’ ಕೆಳಗೆ ಆಕೆ ಬರೆದಳು: ‘ಅವ್ನು, ಇದೇ ನಾನು ಹೇಳಿದ್ದು.’ ಅವ್ನು ಎಂದರೆ ತೆಲುಗಿನಲ್ಲಿ ಹೌದು.

ಅಲ್ಲಿಂದ ಗಾಡಿ ಉರುಳಿತು. ಗೊತ್ತಿಲ್ಲ ಎಂದು ಅವರಂಥವರೇ ಬರೆದಾಗ ಉಳಿದವರಿಗೂ ಬಾಯಿ ಬಂತು. ಗೊತ್ತಿದ್ದವರೂ ಬಂದರು. ಅವರಲ್ಲಿ ಒಬ್ಬರು ಕಾವಲಿನ ಕಡೆಯ ಕ್ಯಾಂಪಸ್ಸೊಂದರಲ್ಲಿ ಕೆಲಸ ಮಾಡುವ ಎಂಜಿನಿಯರ್ ಹೆಂಗಸು. ಇದು ಸಂಸ್ಥೆಯ ಮಾತಲ್ಲ, ನನ್ನದು ಎಂದು ಮೊದಲೇ ಹೇಳಿ, ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಸಿಮೆಂಟು ಬಳಿಯಬೇಡಿ ಎಂದು ಬರೆದರು. ಗುಂಡಿಯ ನಾಲ್ಕೂ ಗೋಡೆ ಮತ್ತು ನೆಲವನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕಡೆಗೂ ಒಂದೊಂದು ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಟೇಪು ಹಚ್ಚಿ ಅಂಟಿಸಿ ಬಿಡಿ. ಹಾಳೆಯ ಮೇಲೆ ಹನಿ ಕಂಡರೆ ಅದು ಗಾಳಿಯ ತೇವ. ಹಾಳೆಯ ಹಿಂದೆ ಕಂಡರೆ ಗೋಡೆಯಿಂದ ಬರುತ್ತಿರುವ ನೀರು. ಯಾವ ಗೋಡೆ ಎಂಬುದನ್ನು ನೋಡಿ ಹೇಳಿ, ಎಂದರು.

ಮೊಳಕಾಲ್ಮುರಿನಲ್ಲಿ ಆಕೆ, ಆಕೆಯ ಗಂಡ ಮಗ್ಗ ನಿಲ್ಲಿಸಿ ಹಾಳೆ ಅಂಟಿಸಿದರು. ಪೇಜಿನ ತುಂಬ ಈಗ ಒಂದೇ ಕುತೂಹಲ. ‘ಏನಾಯ್ತು, ಹಾಳೆ ತೆಗೆದ್ರಾ?’ ಎಂದು ಕೇಳುತ್ತಿದ್ದವರಲ್ಲಿ ಬಕೆಟ್ಟಿನ ಮಾತಾಡಿದವನೂ ಇದ್ದ. ನಡುವೆ ಒಂದು ಮಳೆ ಹೊಡೆದು, ಎರಡು ದಿನದ ಮೇಲೆ ಉತ್ತರ ಬಂತು. ನೆಲ ಒಣಗಿತ್ತು, ಮೂರು ಗೋಡೆ ಒಣಗಿದ್ದವು. ಬೀದಿ ಕಡೆಯ ಗೋಡೆಯ ಹಾಳೆಯ ಹಿಂದೆ ಮಾತ್ರ ದಪ್ಪ ದಪ್ಪ ಹನಿ. ಗಂಡ ಹೊರಗೆ ಹೋಗಿ ಚರಂಡಿಯ ಮೇಲಿನ ಚಪ್ಪಡಿ ಎತ್ತಿ ನೋಡಿದರೆ ಮನೆ ಕಡೆಯ ಅದರ ಗೋಡೆ ಉದ್ದಕ್ಕೂ ಸೀಳು ಬಿಟ್ಟಿತ್ತು. ಮಳೆ ಬಂದಾಗ ಚರಂಡಿ ತುಂಬಿ ಆ ಸೀಳಿನಿಂದ ಮನೆಯೊಳಗೆ ಇಳಿಯುತ್ತಿತ್ತು. ಅದೇ ಬೀದಿಯ ಬೇರೆ ಮನೆಗಳವರೂ ಹಾಳೆ ಅಂಟಿಸಿ ನೋಡಿ ಫೋಟೊ ಕಳಿಸತೊಡಗಿದರು.

ಅರ್ಜಿಯನ್ನು ಬೀದಿಯವರೆಲ್ಲ ಸೇರಿ ಬರೆದರು. ಯಾವ ಮನೆ, ಯಾವ ಗೋಡೆ, ಚರಂಡಿಯ ಯಾವ ಭಾಗ ಎಂದೆಲ್ಲ ಅದರಲ್ಲಿತ್ತು. ಪಟ್ಟಣ ಪಂಚಾಯಿತಿಯವರು ಬಂದು ನೋಡಿ, ಮೊದಲ ಸುತ್ತಿನಲ್ಲಿ ಅರ್ಧ ಬೀದಿ ದುರಸ್ತಿ ಮಾಡಿದರು. ಉಳಿದರ್ಧಕ್ಕೆ ಓಡಾಟ ನಡೆದಿದೆ. ಮುಂದಿನ ಜೋರು ಮಳೆಯ ಮಾರನೆಯ ಬೆಳಗ್ಗೆ ಆಕೆ ಪೇಜಿಗೆ ಒಣ ಗುಂಡಿಯ ಫೋಟೊ ಹಾಕಿದಳು. ಅದರಲ್ಲಿ ಅವಳ ಪಾದಗಳೂ ಇದ್ದವು. ಫೋಟೊ ಬೇಡ ಎಂದಿದ್ದವಳು ತಾನೇ ಹಾಕಿದ್ದು.

ಹಾಗೆಂದು ಎಲ್ಲರೂ ಎಲ್ಲವನ್ನೂ ಒಪ್ಪಿದರು ಎಂದಲ್ಲ. ಸರ್ಕಾರ ಯಾವುದಕ್ಕೆ ಎಷ್ಟು ಕೊಡಬೇಕೆಂಬ ವಾದ ಇವತ್ತಿಗೂ ಇದೆ. ಚರಂಡಿಯ ದುಡ್ಡು ಬೇರೆ, ರಾಕೆಟ್ಟಿನ ದುಡ್ಡು ಬೇರೆ, ಒಂದನ್ನು ನಿಲ್ಲಿಸಿದರೆ ಇನ್ನೊಂದಕ್ಕೆ ಬರುವುದಿಲ್ಲ ಎಂದು ಗಿರಣಿ ಮಾಲೀಕರು ಬರೆದರು. ನಿಯಮದಂತೆ ಆಕೆ ಮೊದಲು ಅವರ ಮಾತನ್ನು ತನ್ನ ಮಾತಿನಲ್ಲಿ ಹೇಳಿದಳು, ಅವರು ಒಪ್ಪಿದರು. ಆಮೇಲೆ ಅವಳ ಉತ್ತರ: ‘ನಾನು ದುಡ್ಡು ಕೇಳ್ತಿಲ್ಲ ಅಣ್ಣಾ, ತಲೆ ಕೇಳ್ತಿದೀನಿ. ರಾಕೆಟ್ಟಿಗೆ ಅಷ್ಟೊಂದು ಜನ ಕೂತು ಯೋಚ್ನೆ ಮಾಡ್ತಾರೆ. ಮಗ್ಗಕ್ಕೆ ಒಬ್ರಾದ್ರೂ ಮಾಡ್ಬೇಕಲ್ವಾ?’ ಅದಕ್ಕೆ ಅವರು ಸದ್ಯಕ್ಕೆ ಯೋಚಿಸುತ್ತಿದ್ದೇನೆ ಎಂದು ಮಾತ್ರ ಹಾಕಿದ್ದಾರೆ.

ಸಂಪಾದಕರು ಕೊಟ್ಟ ವಾರ ಮುಗಿದು ಬಹಳ ದಿನವಾಗಿತ್ತು. ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. “ವಿಡಿಯೊ ಓಡ್ದಷ್ಟು ಇದು ಓಡಲ್ಲ ಬಿಡು,” ಎಂದರು. ಆಮೇಲೆ, “ಆದ್ರೆ ಬಂದೋರು ಹೋಗ್ತಿಲ್ಲ. ಅದೇನೋ ಕುರಿ ದಾರಿ ವಿಷ್ಯ ಇತ್ತಲ್ಲ, ಅದನ್ನೂ ಹಿಂಗೇ ಮಾಡು,” ಎಂದು ಹೋದರು.

ದೊಡ್ಡಉಳ್ಳಾರ್ತಿಯ ಹಿರಿಯರು ದನಿಯಲ್ಲಿ ಕಳಿಸಿದ್ದನ್ನು ನಾನು ಬರೆದು ಹಾಕಿದೆ. ನಿಯಮದಂತೆ ಮೊದಲು, ಕಾಂಪೌಂಡು ಯಾಕೆ ಬೇಕು ಎಂಬುದನ್ನು ಅವರು ಹೀಗೆ ಹೇಳಿದ್ದರು: “ಒಳಗೆ ಏನೇನೋ ಪರೀಕ್ಷೆ ಮಾಡ್ತಾರೆ. ಕುರಿ ನುಗ್ಗಿದ್ರೆ ಕುರಿಗೂ ಅಪಾಯ, ಅವರ ಕೆಲಸಕ್ಕೂ ತೊಂದ್ರೆ. ಅದಕ್ಕೆ ಗೋಡೆ.” ಎಂಜಿನಿಯರ್ ‘ಹೌದು’ ಎಂದು ಒಪ್ಪಿ, ಹಿರಿಯರ ಕೋರಿಕೆಯನ್ನು ತಮ್ಮ ಮಾತಿನಲ್ಲಿ ಬರೆದರು: ‘ಗೋಡೆ ತೆಗೆಯಿರಿ ಎಂದು ಇವರು ಕೇಳುತ್ತಿಲ್ಲ. ನೀರಿಗೆ ಹೋಗುವ ದಾರಿ ಎಲ್ಲಿ ಎಂದು ಕೇಳುತ್ತಿದ್ದಾರೆ.’ ಹಿರಿಯರು ಉತ್ತರವಾಗಿ ಕಳಿಸಿದ ದನಿಯಲ್ಲಿ ಮಾತಿಗಿಂತ ನಗು ಹೆಚ್ಚಿತ್ತು. “ಹ್ಞೂಂ ಕಣವ್ವ! ಅದೇಯ!”

ಒಂದು ಭಾನುವಾರ ನಾವು ನಾಲ್ವರು ಕಾವಲಿನ ಅಂಚಿನಲ್ಲಿ ಸೇರಿದೆವು. ಹಿರಿಯರು, ಎಂಜಿನಿಯರ್, ನಾನು, ಮತ್ತು ಬರುತ್ತೇನೆಂದು ತಾವೇ ಹಟ ಹಿಡಿದ ಗಿರಣಿ ಮಾಲೀಕರು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಕುರಿಗಳು ಗೋಡೆಯ ನೆರಳಿಗೆ ಒತ್ತಿಕೊಂಡು ನಿಂತಿದ್ದವು. ಎಂಜಿನಿಯರ್ ತಮ್ಮ ಫೋನಿನಲ್ಲಿ ಎಲ್ಲರಿಗೂ ಸಿಗುವ ಉಪಗ್ರಹ ನಕ್ಷೆ ತೆರೆದು, ನಾವು ನಿಂತ ಜಾಗ ಹುಡುಕಿ, ದೊಡ್ಡದು ಮಾಡಿ ಹಿರಿಯರ ಮುಂದೆ ಹಿಡಿದರು. ಹುಲ್ಲಿನ ನಡುವೆ ಬೆಳ್ಳಗೆ, ತೆಳ್ಳಗೆ ಒಂದು ಗೆರೆ ಊರಿನ ಕಡೆಯಿಂದ ಬಂದು ಗೋಡೆಗೆ ಮುಟ್ಟಿ ನಿಂತಿತ್ತು.

ಹಿರಿಯರು ಕಣ್ಣು ಕಿರಿದು ಮಾಡಿ ನೋಡಿದರು. ಬೆರಳು ಗೆರೆಯ ಮೇಲೆ ಮೆಲ್ಲಗೆ ಹೋಯಿತು.

“ಇದು ನಮ್ಮ ಕುರಿ ನಡೆದಿದ್ದು. ನಮ್ಮಪ್ಪನ ಕಾಲದ್ದು. ಇದು ಆಕಾಶದಾಗಿಂದಾನೂ ಕಾಣ್ತೈತಾ?”

“ಕಾಣ್ತೈತೆ ಯಜಮಾನ್ರೇ,” ಎಂದರು ಎಂಜಿನಿಯರ್, ನಮ್ಮ ಸೀಮೆಯ ಮಾತನ್ನು ಪ್ರಯತ್ನಪಟ್ಟು ಆಡುತ್ತ.

ಗಿರಣಿ ಮಾಲೀಕರು ಇಷ್ಟು ದಿನ ಉಪಗ್ರಹದ ಪರವಾಗಿ ಎಷ್ಟೋ ಬರೆದಿದ್ದರು. ಅವತ್ತು ಕನ್ನಡಕ ತೆಗೆದು ಒರೆಸಿಕೊಂಡರು.

ಗೋಡೆಯ ಹೊರಗಿನಿಂದಲೇ ನೀರಿನ ತಾವಿಗೆ ಸೇರುವ ಹತ್ತಿರದ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಅದನ್ನು ಕುರಿ ದಾರಿಯಾಗಿ ಬಿಟ್ಟುಕೊಡಿ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಹಿರಿಯರು ಹೇಳಿದ್ದನ್ನು ಗಿರಣಿ ಮಾಲೀಕರು ಟೈಪು ಮಾಡಿದರು. ಆದೇಶ ಇನ್ನೂ ಬಂದಿಲ್ಲ, ಆದರೆ ಹೋದ ವಾರ ಅಳತೆಗೆ ಜನ ಬಂದಿದ್ದರು. ನಾನು ಹೋಗುವಷ್ಟರಲ್ಲಿ ಅವರು ಜೀಪಿನಿಂದ ಸಾಮಾನು ಇಳಿಸುತ್ತಿದ್ದರು. ದಾರಿ ತೋರಿಸಲು ಹಿರಿಯರನ್ನು ಮುಂದೆ ನಡೆಯಿರಿ ಎಂದರು. ಹಿರಿಯರು ತಮ್ಮ ಹಿಂದಿದ್ದ ಕುರಿಗಳಿಗೆ ನಾಲಿಗೆ ಮಡಿಚಿ ಒಂದು ಸದ್ದು ಮಾಡಿದರು. ಅಧಿಕಾರಿಗಳು ಟೇಪು ಬಿಚ್ಚುವ ಮೊದಲೇ ಕುರಿಗಳು ಆ ದಾರಿ ಹಿಡಿದು ನೀರಿನ ಕಡೆಗೆ ನಡೆದಿದ್ದವು.